ಮತ್ತೊಮ್ಮೆ ಊರು ಮುಚ್ಚಬೇಕಾಗಿ ಬಂದರೆ, ಯಾವುದನ್ನು ಮೊದಲು ತೆರೆಯಬೇಕು?

ಟೊಮೆಟೊ ತೋಟ, ಕೋಲಾರ ತಾಲ್ಲೂಕು:

ನಮ್ಮ ಗ್ರಾಮ ಪಂಚಾಯಿತಿಯಲ್ಲಿ ಮುಂದಿನ ತಿಂಗಳು ಒಂದು ಸಭೆ ಇದೆ. ಬರ, ಬೆಂಕಿ, ಸಾಂಕ್ರಾಮಿಕ ರೋಗ, ಇವು ಬಂದರೆ ಊರು ಏನು ಮಾಡಬೇಕು ಎಂದು ಮೊದಲೇ ಬರೆದಿಡಬೇಕಂತೆ. ಬರದ ಬಗ್ಗೆ ಕೋಲಾರದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ರೋಗದ ಪುಟವನ್ನು ನನ್ನ ತಲೆಗೆ ಕಟ್ಟಿದ್ದಾರೆ.

ಮುಚ್ಚುವುದು ಹೇಗೆ ಎಂದು ಎಲ್ಲರಿಗೂ ಗೊತ್ತು. ಬ್ಯಾರಿಕೇಡ್ ಎಳೆದರೆ ಆಯಿತು. ತೆರೆಯುವುದು ಹೇಗೆ ಎನ್ನುವುದೇ ನನ್ನ ಪ್ರಶ್ನೆ.

ಕೋವಿಡ್ ಕಾಲವನ್ನು ಸ್ವಲ್ಪ ನೆನಪಿಸಿಕೊಳ್ಳಿ. 2020ರ ಮಾರ್ಚ್ 25ಕ್ಕೆ ದೇಶವೇ ಬಂದ್ ಆಯಿತು. ಪಕ್ಕದ ಗೌರಿಬಿದನೂರಿನಲ್ಲಿ ಆಗಲೇ ಕೇಸ್ ಇತ್ತು. ಕೋಲಾರ ಜಿಲ್ಲೆಯಲ್ಲಿ ಮೊದಲ ಕೇಸ್‌ಗಳು ಬಂದಿದ್ದು ಮೇ 12ಕ್ಕೆ, ಮುಳಬಾಗಿಲು ಕಡೆ. ಅಷ್ಟು ಹೊತ್ತಿಗೆ ಲಾಕ್‌ಡೌನ್ ಸಡಿಲ ಆಗುತ್ತಿತ್ತು. ರೋಗ ಇಲ್ಲದಾಗ ಬಾಗಿಲು ಹಾಕಿದೆವು, ರೋಗ ಬಂದಾಗ ತೆಗೆದೆವು. ಇದು ನಮ್ಮ ಕೈಯಲ್ಲಿರಲಿಲ್ಲ, ನಿಜ. ಆದರೂ ಲೆಕ್ಕ ತಲೆಕೆಳಗು ಅಲ್ವಾ?

2021ರ ಎರಡನೇ ಅಲೆಯಲ್ಲಿ ಅಂಗಡಿಗೆ ಬೆಳಿಗ್ಗೆ 6ರಿಂದ 10ರವರೆಗೆ ಟೈಮ್ ಕೊಟ್ಟರು. ದಿನವಿಡೀ ಚದುರಿ ಬರುತ್ತಿದ್ದ ಜನ ನಾಲ್ಕೇ ಗಂಟೆಯಲ್ಲಿ ಬಂದು ಮುಗಿಬಿದ್ದರು. ಟೈಮ್ ಕಮ್ಮಿ ಮಾಡಿದರೆ ಜನ ಕಮ್ಮಿ ಆಗುವುದಿಲ್ಲ, ಒತ್ತಾಗುತ್ತಾರೆ.

ಆಗ ಎಲ್ಲವನ್ನೂ ‘ಅಗತ್ಯ’, ‘ಅಗತ್ಯ ಅಲ್ಲ’ ಎಂದು ಭಾಗ ಮಾಡಿದ್ದರು. ನನ್ನ ಪ್ರಕಾರ ಆ ಪಟ್ಟಿಯೇ ಬೇಡ. ಯಾವ ಜಾಗವಾದರೂ ಮೂರು ವಿಷಯ ನೋಡಿದರೆ ಸಾಕು. ಅಲ್ಲಿ ಗಾಳಿ ಆಡುತ್ತದೆಯೇ? ಜನ ಎಷ್ಟು ಹೊತ್ತು ಇರುತ್ತಾರೆ? ಬಾಯಿ ತೆರೆದು ಮಾಡುವ ಕೆಲಸವೇ? ಈ ಲೆಕ್ಕದಲ್ಲಿ ಟೊಮೆಟೊ ಮಂಡಿ ಯಾವತ್ತೂ ಮುಚ್ಚಬೇಕಿಲ್ಲ. ಎಸಿ ಹಾಕಿ ಕಿಟಕಿ ಮುಚ್ಚಿದ ಜಾಗ ಕೊನೆಗೆ ತೆರೆಯಬೇಕು. ತಪ್ಪಿದ್ದರೆ ಹೇಳಿ, ಸಭೆಯಲ್ಲಿ ನಗೆಪಾಟಲಾಗುವುದಕ್ಕಿಂತ ಇಲ್ಲೇ ಬೈಸಿಕೊಳ್ಳುವುದು ವಾಸಿ.

ರೇಷ್ಮೆಗೂಡು, ಶಿಡ್ಲಘಟ್ಟ:

ಅಣ್ಣ, ಮಂಡಿಯಲ್ಲಿ ಹರಾಜು ಹೇಗೆ ಕೂಗುತ್ತಾರೆ ಎಂದು ಮರೆತುಬಿಟ್ಟಿರಾ? ಒಂದು ರಾಶಿಯ ಸುತ್ತ ಇಪ್ಪತ್ತು ಜನ, ಭುಜಕ್ಕೆ ಭುಜ, ಗಂಟಲು ಹರಿಯುವ ಹಾಗೆ ಕೂಗು. ಮೂರನೇ ಪ್ರಶ್ನೆಯಲ್ಲಿ ನಿಮ್ಮ ಮಂಡಿಯೇ ಫೇಲ್.

ನಮ್ಮ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಇ-ಹರಾಜು ಇದೆ. ನೂಲು ತೆಗೆಯುವ ರೀಲರ್‌ಗಳು ಮೊಬೈಲ್‌ನಲ್ಲಿ ಬೆಲೆ ಕೂಗುತ್ತಾರೆ, ಅಂದರೆ ಕೂಗುವುದೇ ಇಲ್ಲ. ಜನ ಓಡಾಡುತ್ತಾರೆ, ಗೂಡು ಮುಟ್ಟಿ ನೋಡುತ್ತಾರೆ, ಆದರೆ ಗುಂಪು ಕಟ್ಟಿ ಕಿರುಚುವುದಿಲ್ಲ. ಗೂಡು ಕಾಯುವುದಿಲ್ಲ ನೋಡಿ. ಬಿಟ್ಟರೆ ಹತ್ತು ಹನ್ನೆರಡು ದಿನದಲ್ಲಿ ಚಿಟ್ಟೆ ಗೂಡು ತೂತು ಮಾಡಿ ಹೊರಗೆ ಬರುತ್ತದೆ, ನೂಲಿಗೆ ಬರುವುದಿಲ್ಲ. ಮಾರುಕಟ್ಟೆ ಮುಚ್ಚುವ ಮಾತೇ ನಮಗೆ ಆಗದು. ಹೇಗೆ ನಡೆಸಬೇಕು ಎನ್ನುವುದಷ್ಟೇ ನಮ್ಮ ಮುಂದಿರುವ ಪ್ರಶ್ನೆ.

ಇನ್ನೊಂದು ಮಾತು. ಕ್ವಾರಂಟೈನ್ ಎಂದರೆ ಏನೋ ಹೊಸದು ಎಂದು ಟಿವಿಯವರು ಹೇಳುತ್ತಿದ್ದರು. ರೇಷ್ಮೆ ಹುಳು ಸಾಕುವವರಿಗೆ ಇದು ದಿನದ ಕೆಲಸ. ಹುಳು ಮನೆಗೆ ಹೊರಗಿನವರನ್ನು ಬಿಡುವುದಿಲ್ಲ. ಒಳಗೆ ಹೋಗುವ ಮುಂಚೆ ಬ್ಲೀಚಿಂಗ್ ಪುಡಿ, ಸುಣ್ಣ ತುಳಿದು ಹೋಗಬೇಕು. ಸುಣ್ಣಕಟ್ಟು ರೋಗದ ಒಂದು ಹುಳು ಕಂಡರೂ ಆರಿಸಿ ಸುಡುತ್ತೇವೆ. ಗಂಟು ರೋಗ ಇದೆಯೇ ಎಂದು ತಾಯಿ ಚಿಟ್ಟೆಯನ್ನೇ ಮೈಕ್ರೋಸ್ಕೋಪಿನಲ್ಲಿ ನೋಡಿ ಮೊಟ್ಟೆ ಕೊಡುತ್ತಾರೆ. ಒಂದು ಬೆಳೆ ಮುಗಿದ ಮೇಲೆ ಮನೆ ತೊಳೆದು, ಔಷಧಿ ಹೊಡೆದು, ಸ್ವಲ್ಪ ದಿನ ಖಾಲಿ ಬಿಟ್ಟು ಆಮೇಲೆ ಮುಂದಿನ ಚಾಕಿ, ಅಂದರೆ ಮರಿ ಹುಳು, ತರುತ್ತೇವೆ. ನಮ್ಮ ಕಡೆ ಹೆಂಗಸರಿಗೆ ‘ಕಾಂಟ್ಯಾಕ್ಟ್’ ಎಂದರೆ ಏನು ಎಂದು ಯಾರೂ ಕ್ಲಾಸ್ ತೆಗೆದುಕೊಳ್ಳಬೇಕಿರಲಿಲ್ಲ.

ಏನಾಗಲಿ ಬಿಡಿ, ಗೌರಿಬಿದನೂರು:

ಇಷ್ಟೆಲ್ಲ ಯಾಕೆ ಸಾರ್? ಮೊದಲ ದಿನದಿಂದಲೇ ತೆರೆದಿಟ್ಟಿದ್ದರೆ ಆಗುತ್ತಿರಲಿಲ್ಲವೇ? ಯಾರಿಗೆ ಬರಬೇಕೋ ಅವರಿಗೆ ಬಂದೇ ಬಂತು. ನಮ್ಮ ಊರಿನ ಅರ್ಧ ವ್ಯಾಪಾರ ಆಂಧ್ರದ ಹಿಂದೂಪುರದ ಜನರದ್ದು. ಗಡಿಯಲ್ಲಿ ಮಣ್ಣು ಸುರಿದು ರಸ್ತೆ ಮುಚ್ಚಿದರು. ರೋಗ ಹೊಲದ ದಾರಿಯಲ್ಲಿ ನಡೆದು ಬಂತು, ಗಿರಾಕಿ ಮಾತ್ರ ಬರಲಿಲ್ಲ.

ತಾಲ್ಲೂಕು ಡಾಕ್ಟರ್, ತುಮಕೂರು ಜಿಲ್ಲೆ:

ಗಡಿಯಲ್ಲಿ ಮಣ್ಣು ಸುರಿದದ್ದು ಮೂರ್ಖತನ ಎಂದು ನಾನೂ ಒಪ್ಪುತ್ತೇನೆ. ಆಂಬುಲೆನ್ಸ್ ಕೂಡ ಸುತ್ತು ಹೊಡೆಯಬೇಕಾಯಿತು. ಆದರೆ ‘ಬಂದೇ ಬಂತು’ ಎನ್ನುವ ಮಾತು ಒಪ್ಪುವುದಿಲ್ಲ. ಎಲ್ಲರಿಗೂ ಒಂದೇ ವಾರ ಬರುವುದಕ್ಕೂ ಒಂದು ವರ್ಷದಲ್ಲಿ ನಿಧಾನವಾಗಿ ಬರುವುದಕ್ಕೂ ವ್ಯತ್ಯಾಸ ಇದೆ. 2021ರ ಮೇ 5ಕ್ಕೆ ರಾಜ್ಯದಲ್ಲಿ ಒಂದೇ ದಿನ 50,112 ಕೇಸ್ ಬಂದವು. ಅವತ್ತು ಆಕ್ಸಿಜನ್ ಬೆಡ್ ಹುಡುಕಿಕೊಂಡು ಊರೂರು ಅಲೆದವರಲ್ಲಿ ಎಷ್ಟೋ ಜನ ಬೇರೆ ತಿಂಗಳಲ್ಲಿ ಕಾಯಿಲೆ ಬಿದ್ದಿದ್ದರೆ ಉಳಿಯುತ್ತಿದ್ದರು. ಜೊತೆಗೆ ತಡವಾಗಿ ಸೋಂಕು ತಗುಲಿದವರಿಗೆ ಲಸಿಕೆ ಸಿಕ್ಕಿರುತ್ತದೆ. ಲಸಿಕೆ ಶುರುವಾಗಿದ್ದು 2021ರ ಜನವರಿ 16ಕ್ಕೆ, 60 ದಾಟಿದವರಿಗೆ ಮಾರ್ಚ್ 1ಕ್ಕೆ. ಮುಚ್ಚುವುದೇ ಸಮಯ ಕೊಳ್ಳುವುದಕ್ಕೆ. ಕೊಂಡ ಸಮಯದಲ್ಲಿ ಏನು ಮಾಡಿದೆವು ಎಂದು ಕೇಳಿ, ಆಗ ನನಗೂ ಸಿಟ್ಟು ಬರುತ್ತದೆ.

ತೋಟದ ಅಣ್ಣ, ನಿಮ್ಮ ಮೂರು ಪ್ರಶ್ನೆ ಸರಿಯಾಗಿವೆ. ಜಪಾನಿನವರು 2020ರಲ್ಲೇ ಇದನ್ನು ಹೇಳಿದ್ದರು: ಮುಚ್ಚಿದ ಜಾಗ, ಗುಂಪು, ಹತ್ತಿರದ ಮಾತು, ಈ ಮೂರೂ ಸೇರಿದ ಕಡೆ ಹೋಗಬೇಡಿ ಎಂದು. ನಾವು ಆಗ ತರಕಾರಿ ತೊಳೆಯುತ್ತ, ಬಾಗಿಲ ಚಿಲಕಕ್ಕೆ ಸ್ಯಾನಿಟೈಸರ್ ಹೊಡೆಯುತ್ತ ಕೂತಿದ್ದೆವು. ಬೀದಿಗೆ ಔಷಧಿ ಸಿಂಪಡಿಸಿದ್ದಂತೂ ದಂಡ. ಗಾಳಿಯಲ್ಲಿ ಹರಡುವ ರೋಗಕ್ಕೆ ಕಿಟಕಿ ತೆರೆಯಬೇಕು.

ಗಾಳಿ ಆಡುತ್ತದೆಯೇ ಎಂದು ಅಂದಾಜಿನಲ್ಲಿ ಹೇಳಬೇಕಿಲ್ಲ. ಇಂಗಾಲದ ಡೈಆಕ್ಸೈಡ್ ಅಳೆಯುವ ಸಣ್ಣ ಮೀಟರ್ ಸಿಗುತ್ತದೆ. ಹೊರಗಿನ ಗಾಳಿಯಲ್ಲಿ ಅದು 420ರ ಆಸುಪಾಸು ತೋರಿಸುತ್ತದೆ. ಒಳಗೆ 800ರ ಕೆಳಗಿದ್ದರೆ ಚೆನ್ನಾಗಿದೆ. ಸಾವಿರ ದಾಟಿ ಏರುತ್ತಿದ್ದರೆ ಒಬ್ಬರು ಬಿಟ್ಟ ಉಸಿರನ್ನು ಇನ್ನೊಬ್ಬರು ಎಳೆದುಕೊಳ್ಳುತ್ತಿದ್ದಾರೆ ಎಂದು ಅರ್ಥ. ಪಂಚಾಯಿತಿಗೆ ಒಂದು ಮೀಟರ್ ತೆಗೆದುಕೊಂಡರೂ ಸಾಕು. ಶಾಲೆ, ನ್ಯಾಯಬೆಲೆ ಅಂಗಡಿ, ಬ್ಯಾಂಕು, ಸಮುದಾಯ ಭವನ, ಎಲ್ಲ ಕಡೆ ಹಿಡಿದು ನೋಡಬಹುದು.

ಎರಡನೆಯದು, ಅವಸರ. ಇವತ್ತು ಒಂದು ಬಾಗಿಲು ತೆರೆದರೆ ಅದರ ಫಲ ನಾಳೆ ಕಾಣುವುದಿಲ್ಲ. ಸೋಂಕು ತಗುಲಿ ಜ್ವರ ಬರಲು ಐದಾರು ದಿನ. ಆಸ್ಪತ್ರೆಗೆ ಬರಲು ಇನ್ನೊಂದು ವಾರ. ಸಾವಿನ ಲೆಕ್ಕ ಅದಕ್ಕೂ ಹಿಂದೆ ಬೀಳುತ್ತದೆ. ಹಾಗಾಗಿ ಒಂದು ಹೆಜ್ಜೆಗೂ ಮುಂದಿನ ಹೆಜ್ಜೆಗೂ ಮಧ್ಯೆ ಮೂರು ವಾರವಾದರೂ ಬೇಕು. ಇಂಗ್ಲೆಂಡಿನಲ್ಲಿ 2021ರಲ್ಲಿ ಐದೈದು ವಾರ ಇಟ್ಟಿದ್ದರು: ನಾಲ್ಕು ವಾರ ಅಂಕಿ ಅಂಶ ನೋಡಲು, ಒಂದು ವಾರ ಜನರಿಗೆ ಮುಂಚೆ ತಿಳಿಸಲು. ನಮ್ಮಲ್ಲಿ ಜೂನ್ 14ಕ್ಕೆ ಒಂದು ಹಂತ, ಜೂನ್ 21ಕ್ಕೆ ಇನ್ನೊಂದು, ಜುಲೈ 5ಕ್ಕೆ ಮತ್ತೊಂದು. ಮೊದಲ ಹೆಜ್ಜೆ ಏನು ಮಾಡಿತು ಎಂದು ಗೊತ್ತಾಗುವ ಮುಂಚೆಯೇ ಎರಡನೆಯದು ಇಟ್ಟಾಗಿತ್ತು.

ಲೆಕ್ಕದ ಮೇಷ್ಟ್ರು, ಪಾವಗಡ:

ಡಾಕ್ಟ್ರೇ, ಆ ಜೂನ್ ಹಂತಗಳನ್ನು ಪಾಸಿಟಿವಿಟಿ ರೇಟ್ ನೋಡಿ ಮಾಡಿದ್ದರು. 5 ಪರ್ಸೆಂಟ್ ಒಳಗಿದ್ದ ಜಿಲ್ಲೆಗೆ ಜಾಸ್ತಿ ಸಡಿಲಿಕೆ. ಆ ಪಟ್ಟಿಯಲ್ಲಿ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಇದ್ದವು. ಆ ಅಂಕಿಯ ಮೇಲೆ ನನಗೆ ನಂಬಿಕೆ ಇಲ್ಲ. ಯಾಕೆ ಎಂದು ಹೇಳುತ್ತೇನೆ.

ಸಾವಿರ ಟೆಸ್ಟ್ ಮಾಡಿದಿರಿ, 50 ಪಾಸಿಟಿವ್. ಅಲ್ಲಿಗೆ 5 ಪರ್ಸೆಂಟ್. ಈಗ ಫ್ಯಾಕ್ಟರಿ ಗೇಟಿನಲ್ಲಿ ಆರೋಗ್ಯವಾಗಿರುವ ಇನ್ನೂ ಸಾವಿರ ಜನಕ್ಕೆ ಟೆಸ್ಟ್ ಮಾಡಿ. ಇಬ್ಬರಿಗೆ ಬಂತು. ಒಟ್ಟು ಎರಡು ಸಾವಿರಕ್ಕೆ 52. ಅಂದರೆ 2.6 ಪರ್ಸೆಂಟ್. ಊರಿನಲ್ಲಿ ರೋಗ ಒಂದು ಚೂರೂ ಕಮ್ಮಿ ಆಗಿಲ್ಲ, ಕಾಗದದ ಮೇಲೆ ಅರ್ಧ ಆಯಿತು. ಟಾರ್ಗೆಟ್ ಕೊಟ್ಟು ಟೆಸ್ಟ್ ಮಾಡಿಸಿದರೆ ಇದೇ ಆಗುವುದು. ಟೆಸ್ಟ್ ಮಾಡುವುದು ತಪ್ಪಲ್ಲ. ಜ್ವರ ಇದ್ದವರದ್ದು, ಜ್ವರ ಇಲ್ಲದವರದ್ದು ಬೇರೆ ಬೇರೆ ಬರೆಯಿರಿ ಎನ್ನುತ್ತೇನೆ ಅಷ್ಟೇ.

ಇನ್ನು ಜಿಲ್ಲೆ ಎನ್ನುವ ಅಳತೆ. ಪಾವಗಡ ತುಮಕೂರು ಜಿಲ್ಲೆಯಲ್ಲಿದೆ ಎಂದು ಮ್ಯಾಪ್ ಹೇಳುತ್ತದೆ. ಸುತ್ತ ನೋಡಿದರೆ ಮೂರು ಕಡೆ ಆಂಧ್ರ. ತುಮಕೂರು ಸಿಟಿ ನೂರು ಕಿಲೋಮೀಟರ್ ದೂರ. ಅಲ್ಲಿಯ ಪಾಸಿಟಿವಿಟಿ ನೋಡಿ ನಮ್ಮ ಶಾಲೆ ತೆರೆಯುವುದು, ಮುಚ್ಚುವುದು ಯಾವ ನ್ಯಾಯ? ನಮಗೆ ಗಡಿಯಾಚೆ ಮಡಕಶಿರಾದಲ್ಲಿ ಏನಾಗುತ್ತಿದೆ ಎಂದು ಗೊತ್ತಾಗಬೇಕು.

ತಾಲ್ಲೂಕು ಡಾಕ್ಟರ್:

ಮೇಷ್ಟ್ರು ಹೇಳಿದ್ದು ಪೂರ್ತಿ ಸರಿ. ತಾಲ್ಲೂಕು ಮಟ್ಟದಲ್ಲಿ ನಾನು ನೋಡುವುದು ಬೇರೆ. ಪಿಎಚ್‌ಸಿಯ ಜ್ವರ ಕೆಮ್ಮಿನ ರಿಜಿಸ್ಟರ್, ಮೆಡಿಕಲ್ ಸ್ಟೋರಿನಲ್ಲಿ ಪ್ಯಾರಾಸಿಟಮಾಲ್ ಮಾರಾಟ, ಉಸಿರಾಟದ ತೊಂದರೆಯಿಂದ ಅಡ್ಮಿಟ್ ಆದವರು, ಖಾಲಿ ಇರುವ ಆಕ್ಸಿಜನ್ ಬೆಡ್. ಇವು ನಾಲ್ಕೂ ಒಂದೇ ದಿಕ್ಕು ತೋರಿಸಿದರೆ ಅದು ಸುಳ್ಳಾಗುವುದು ಕಷ್ಟ.

ನಮ್ಮಜ್ಜಿ ಪ್ಲೇಗಿನ ಕಾಲದ ಮಾತು ಹೇಳುತ್ತಿದ್ದರು. ಇಲಿ ಬಿದ್ದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುವುದು. ಇಲಿ ಬೀಳುವುದು ನಿಂತ ಮೇಲೆ ವಾಪಸ್ ಬರುವುದು. ಅವರು ತಾರೀಖು ನೋಡಲಿಲ್ಲ, ಗುರುತು ನೋಡಿದರು.

ಬಂಗಾರಪೇಟೆ ಪ್ಯಾಸೆಂಜರ್:

ಗುರುತು ಎಂದಿರಲ್ಲ ಡಾಕ್ಟ್ರೇ, ತಮಾಷೆಗೆ ಒಂದು ಕೇಳುತ್ತೇನೆ. ಬೆಂಗಳೂರಿನ ಚರಂಡಿ ನೀರನ್ನು ಶುದ್ಧ ಮಾಡಿ 2018ರಿಂದ ನಮ್ಮ ಕೋಲಾರದ ಕೆರೆಗಳಿಗೆ ಬಿಡುತ್ತಿದ್ದಾರೆ. ಕೆ.ಸಿ. ವ್ಯಾಲಿ ನೀರು. ಬೆಂಗಳೂರಿನ ರೋಗ ಅದರಲ್ಲೇ ಕಾಣುವುದಿಲ್ಲವೇ?

ತಾಲ್ಲೂಕು ಡಾಕ್ಟರ್:

ತಮಾಷೆ ಅಲ್ಲ, ಒಳ್ಳೆಯ ಪ್ರಶ್ನೆ. ಕೆರೆಯಲ್ಲಿ ನೋಡಿ ಪ್ರಯೋಜನ ಇಲ್ಲ. ಶುದ್ಧೀಕರಣ ಘಟಕಕ್ಕೆ ಹೋಗುವ ಮುಂಚಿನ ಕೊಳಚೆಯಲ್ಲಿ ನೋಡಬೇಕು. ಸೋಂಕಿತರ ಮಲದಲ್ಲಿ ವೈರಸ್ಸಿನ ತುಣುಕು ಹೋಗುತ್ತದೆ, ಜ್ವರ ಬರದವರದ್ದೂ ಸೇರಿ. ಯಾರೂ ಟೆಸ್ಟಿಗೆ ಬರದಿದ್ದರೂ ಚರಂಡಿ ಹೇಳುತ್ತದೆ, ಅದೂ ಆಸ್ಪತ್ರೆ ತುಂಬುವ ಮುಂಚೆ. ಬೆಂಗಳೂರಿನಲ್ಲಿ ಕೋವಿಡ್ ಕಾಲದಲ್ಲಿ ಇದನ್ನು ಮಾಡಿದ್ದಾರೆ. ನಮ್ಮ ಸಣ್ಣ ಊರುಗಳಲ್ಲಿ ಎಲ್ಲ ಕಡೆ ಒಳಚರಂಡಿ ಇಲ್ಲ. ಆದರೆ ದೊಡ್ಡ ಹಾಸ್ಟೆಲ್, ಬಸ್‌ ಸ್ಟ್ಯಾಂಡ್ ಶೌಚಾಲಯ, ಇಂಥ ಕಡೆ ಸ್ಯಾಂಪಲ್ ತೆಗೆಯಬಹುದು.

ಬಂಗಾರಪೇಟೆ ಪ್ಯಾಸೆಂಜರ್:

ಹಾಗಾದರೆ ಬೆಂಗಳೂರಿನ ಅಂಕಿ ನಮ್ಮ ಜಿಲ್ಲೆಗೆ ದಿನಾ ಬರಬೇಕು. ಕೆಜಿಎಫ್, ಬಂಗಾರಪೇಟೆ, ಮಾಲೂರಿನಿಂದ ಬೆಳಗಿನ ಟ್ರೈನಿಗೆ ಎಷ್ಟು ಜನ ಹೋಗುತ್ತೇವೆ ಎಂದು ನೋಡಿದವರಿಗೇ ಗೊತ್ತು. ಬೆಂಗಳೂರಿನಲ್ಲಿ ಏನು ಇದೆಯೋ ಅದು ಸಂಜೆ ಟ್ರೈನಿಗೆ ನಮ್ಮ ಮನೆಗೆ ಬರುತ್ತದೆ.

2020ರಲ್ಲಿ ಕೆಲಸಕ್ಕೆ ಬನ್ನಿ ಎಂದು ಫ್ಯಾಕ್ಟರಿಯವರು ಕರೆದರು, ಪ್ಯಾಸೆಂಜರ್ ಟ್ರೈನ್ ಮಾತ್ರ ಬಿಡಲಿಲ್ಲ. ಹತ್ತು ಜನ ಕೂರುವ ವ್ಯಾನಿನಲ್ಲಿ ಗಾಜು ಏರಿಸಿಕೊಂಡು ಅದರ ಎರಡರಷ್ಟು ಜನ ಹೋದೆವು. ಕಿಟಕಿ ಬಾಗಿಲು ಎಲ್ಲ ತೆರೆದಿರುವ ಟ್ರೈನ್ ಅಪಾಯ, ವ್ಯಾನ್ ಸೇಫ್! ಕೆಲಸ ತೆರೆಯುವ ದಿನವೇ ಕೆಲಸಕ್ಕೆ ಹೋಗುವ ದಾರಿಯನ್ನೂ ತೆರೆಯಬೇಕು. ಬಸ್ ಟ್ರೈನ್ ಕಮ್ಮಿ ಮಾಡಬಾರದು, ಜಾಸ್ತಿ ಮಾಡಬೇಕು. ತೋಟದ ಅಣ್ಣ ಅಂಗಡಿ ಟೈಮಿಗೆ ಹೇಳಿದ ಮಾತೇ ಇದಕ್ಕೂ.

ಗುಬ್ಬಿ ಟೀಚರ್:

ಎಲ್ಲರೂ ಮಂಡಿ, ಫ್ಯಾಕ್ಟರಿ ಎನ್ನುತ್ತಿದ್ದೀರಿ. ಮಕ್ಕಳ ವಿಷಯ ಯಾರೂ ಎತ್ತಲಿಲ್ಲ. ಕೋವಿಡ್ ಕಾಲದಲ್ಲೂ ಹೀಗೇ ಆಯಿತು.

ತಾರೀಖು ಜೋಡಿಸಿ ನೋಡಿ. ಮದ್ಯದಂಗಡಿ ತೆರೆದದ್ದು 2020ರ ಮೇ 4. ಹೋಟೆಲ್, ಮಾಲ್, ದೇವಸ್ಥಾನ ಜೂನ್ 8. ಒಂದರಿಂದ ಐದನೇ ಕ್ಲಾಸ್ ತೆರೆದದ್ದು 2021ರ ಅಕ್ಟೋಬರ್ 25. ಅಂಗನವಾಡಿ ನವೆಂಬರ್ 8. ಒಂದೂವರೆ ವರ್ಷಕ್ಕೂ ಜಾಸ್ತಿ! ಒಂದನೇ ಕ್ಲಾಸಿಗೆ ಸೇರಬೇಕಿದ್ದ ಮಗು ಸ್ಲೇಟು ಹಿಡಿಯದೆ ಎರಡನೇ ಕ್ಲಾಸಿಗೆ ಬಂತು. ಮೂರನೇ ಕ್ಲಾಸಿನವರಿಗೆ ಒತ್ತಕ್ಷರ ಮರೆತೇ ಹೋಗಿತ್ತು. ಹೈಸ್ಕೂಲಿನಲ್ಲಿ ಕೆಲವು ಹುಡುಗಿಯರು ವಾಪಸ್ ಬರಲೇ ಇಲ್ಲ, ಮದುವೆ ಮಾಡಿಬಿಟ್ಟಿದ್ದರು. ಇದನ್ನು ಯಾವ ಬುಲೆಟಿನ್‌ನಲ್ಲೂ ಹೇಳಲಿಲ್ಲ.

2020ರಲ್ಲಿ ವಿದ್ಯಾಗಮ ಎಂದು ಒಂದು ಕಾರ್ಯಕ್ರಮ ಇತ್ತು, ನೆನಪಿರಬಹುದು. ಮಕ್ಕಳು ಶಾಲೆಗೆ ಬರುವ ಬದಲು ನಾವೇ ಊರಿಗೆ ಹೋಗಿ ಅರಳಿಕಟ್ಟೆ, ಮರದ ನೆರಳಲ್ಲಿ ಪಾಠ ಮಾಡುವುದು. ಡಾಕ್ಟರ್ ಸಾರ್ ಹೇಳುವ ಗಾಳಿಯ ಲೆಕ್ಕಕ್ಕೆ ಅದಕ್ಕಿಂತ ಒಳ್ಳೆಯದು ಯಾವುದಿತ್ತು? ಕೆಲವು ಕಡೆ ಇಕ್ಕಟ್ಟಾದ ಜಗುಲಿಯಲ್ಲಿ ಕೂರಿಸಿದರು, ಅದು ತಪ್ಪು. ಕೇಸ್ ಬಂತು ಎಂದು ಗಲಾಟೆ ಆಗಿ ಅಕ್ಟೋಬರ್‌ನಲ್ಲಿ ಪೂರ್ತಿ ನಿಲ್ಲಿಸಿಬಿಟ್ಟರು. ಜಗುಲಿ ಬಿಟ್ಟು ಮರದಡಿ ಹೋಗಿ ಎಂದರೆ ಸಾಕಿತ್ತು.

ನನ್ನ ಬೇಡಿಕೆ ಒಂದೇ. ಶಾಲೆ ಕೊನೆಗೆ ಮುಚ್ಚಲಿ, ಮೊದಲು ತೆರೆಯಲಿ. ಸಣ್ಣ ಮಕ್ಕಳ ಕ್ಲಾಸ್ ಎಲ್ಲಕ್ಕಿಂತ ಮೊದಲು, ಅವರಿಗೆ ಮೊಬೈಲ್ ಪಾಠ ಹತ್ತುವುದಿಲ್ಲ.

ಆಶಾ, ಶಿರಾ:

ಟೀಚರ್ ಅಕ್ಕ, ನಿಮ್ಮ ಮಾತು ಸರಿ. ಆದರೆ ಹೊರಗಿನಿಂದ ಬಂದವರನ್ನು ಆಗ ಎಲ್ಲಿ ಇಟ್ಟಿದ್ದರು? ಶಾಲೆಯಲ್ಲಿ, ಹಾಸ್ಟೆಲಿನಲ್ಲಿ. ಮತ್ತೆ ಅಂಥ ದಿನ ಬಂದರೆ ಎಲ್ಲಿ ಇಡುವುದು? ನಮ್ಮ ಕಡೆ ಮನೆ ಎಂದರೆ ಒಂದು ಕೋಣೆ, ಒಂದು ಅಡುಗೆ ಜಾಗ. ಶೌಚಾಲಯ ಇದ್ದರೆ ಒಂದು. ‘ಮನೆಯಲ್ಲೇ ಪ್ರತ್ಯೇಕವಾಗಿರಿ’ ಎಂದು ಹೇಳುವಾಗ ನನಗೇ ನಾಚಿಕೆ ಆಗುತ್ತಿತ್ತು.

ಎಲ್ಲರೂ ಮರೆಯುವ ಇನ್ನೊಂದು ವಿಷಯ. ಜ್ವರ ಬಂದವರು ಹೇಳಿಕೊಳ್ಳಬೇಕಲ್ಲ? 2020ರಲ್ಲಿ ಪಾಸಿಟಿವ್ ಬಂದವರ ಮನೆ ಮುಂದೆ ತಗಡು ಹೊಡೆದರು. ಫೋಟೊ ತೆಗೆದು ವಾಟ್ಸಾಪ್‌ಗೆ ಹಾಕಿದರು. ಅದಾದ ಮೇಲೆ ನಾನು ಬಾಗಿಲಿಗೆ ಹೋದರೆ ಯಾರ ಮನೆಯಲ್ಲೂ ಕೆಮ್ಮಿಲ್ಲ! ಒಳಗಿಂದ ಕೆಮ್ಮು ಕೇಳಿಸುತ್ತಿರುತ್ತದೆ, ‘ಒಗ್ಗರಣೆ ಘಾಟು’ ಎನ್ನುತ್ತಾರೆ.

ಮೇಲಿಂದ ಕೂಲಿ. ಐದು ದಿನ ಮನೆಯಲ್ಲಿರು ಎಂದರೆ ಐದು ದಿನ ಊಟ ಯಾರು ಹಾಕುತ್ತಾರೆ? 2021ರಲ್ಲಿ ನರೇಗಾ ಕೂಲಿ ದಿನಕ್ಕೆ 289 ರೂಪಾಯಿ ಇತ್ತು. ಅಷ್ಟಾದರೂ ಅವರ ಕೈಗೆ ಬಂದಿದ್ದರೆ ಮನೆಯಲ್ಲಿ ಇರುತ್ತಿದ್ದರು. ಹಾಂ, ನಮ್ಮದೂ ಒಂದು ಸೇರಿಸಿ. 2020ರ ಜುಲೈನಲ್ಲಿ ತಿಂಗಳಿಗೆ 12,000 ಕೊಡಿ ಎಂದು ನಾವು ಆಶಾ ಕಾರ್ಯಕರ್ತೆಯರು ಮುಷ್ಕರ ಮಾಡಬೇಕಾಯಿತು. ಚಪ್ಪಾಳೆ ಮಾತ್ರ ಬೇಕಾದಷ್ಟು ಸಿಕ್ಕಿತ್ತು.

ಬಂಗಾರಪೇಟೆ ಪ್ಯಾಸೆಂಜರ್:

ಫ್ಯಾಕ್ಟರಿಯಲ್ಲಿ ಇಎಸ್‌ಐ ವಿಮೆ ಇದ್ದವರಿಗೆ ಕಾಯಿಲೆ ರಜೆಗೆ ಸಂಬಳದ 70 ಪರ್ಸೆಂಟ್ ಸಿಗುತ್ತದೆ, ವರ್ಷಕ್ಕೆ 91 ದಿನದವರೆಗೆ. ನರಸಾಪುರ, ವೇಮಗಲ್, ವಸಂತನರಸಾಪುರದಲ್ಲಿ ಕೆಲಸ ಮಾಡುವ ಹುಡುಗರಲ್ಲಿ ಅರ್ಧ ಜನಕ್ಕೆ ಇದು ಗೊತ್ತೇ ಇಲ್ಲ. ಮಂಡಿ ಹಮಾಲರಿಗೆ ಅದೂ ಇಲ್ಲ.

ಟೊಮೆಟೊ ತೋಟ:

ಹಮಾಲರ ವಿಷಯ ಬರೆದುಕೊಂಡೆ. ಮಂಡಿಯಲ್ಲಿ ಮಾರಾಟವಾದ ಪ್ರತಿ ಬಾಕ್ಸಿಗೂ ಲೆಕ್ಕ ಇರುತ್ತದೆ, 15 ಕೆಜಿ ಬಾಕ್ಸ್. ಸೀಸನ್ನಿನಲ್ಲಿ ಬಾಕ್ಸಿಗೆ ಹತ್ತು ಪೈಸೆ ತೆಗೆದಿಟ್ಟರೂ ಜ್ವರ ಬಂದ ಹಮಾಲರಿಗೆ ಕೂಲಿ ಕೊಡುವಷ್ಟು ಹಣ ಆಗುತ್ತದೆ. ಮಂಡಿಯವರು ಒಪ್ಪುತ್ತಾರೋ ಇಲ್ಲವೋ, ಕೇಳುವುದಕ್ಕೆ ಏನು?

ಪಂಕ್ತಿ ಊಟ, ತಿಪಟೂರು:

ನಾನು ಮದುವೆ ಅಡುಗೆ ಕಾಂಟ್ರ್ಯಾಕ್ಟರ್. ನಿಮ್ಮ ಮೂರು ಪ್ರಶ್ನೆಯಲ್ಲಿ ನಮ್ಮ ಕಸುಬು ಮೂರರಲ್ಲೂ ಫೇಲ್ ಎಂದು ಗೊತ್ತು. ಕಲ್ಯಾಣ ಮಂಟಪದ ಊಟದ ಹಾಲ್ ಸಾಮಾನ್ಯವಾಗಿ ನೆಲಮಾಳಿಗೆಯಲ್ಲಿರುತ್ತದೆ, ಕಿಟಕಿ ಇರುವುದಿಲ್ಲ. ಪಂಕ್ತಿಯಲ್ಲಿ ಮೊಣಕೈಗೆ ಮೊಣಕೈ. ಮಾಸ್ಕ್ ಹಾಕಿಕೊಂಡು ಹೋಳಿಗೆ ತಿನ್ನಲು ಆಗುವುದಿಲ್ಲ.

2021ರಲ್ಲಿ ಒಂದು ಹಂತದಲ್ಲಿ ಬಯಲಲ್ಲಾದರೆ 500 ಜನ, ಹಾಲ್‌ನಲ್ಲಾದರೆ 200 ಎಂದು ಮಾಡಿದ್ದರು. ಬುದ್ಧಿವಂತ ರೂಲ್ ಎಂದು ನಾನೂ ಅಂದುಕೊಂಡೆ. ಆಮೇಲೆ ನೋಡಿದರೆ ಎಲ್ಲರೂ ಬಯಲಲ್ಲಿ ಶಾಮಿಯಾನ ಹಾಕಿ ನಾಲ್ಕೂ ಕಡೆ ಪರದೆ ಬಿಗಿದು ಒಳಗೆ ಕೂಲರ್ ಇಟ್ಟರು. ಅದು ಬಟ್ಟೆಯ ಕಲ್ಯಾಣ ಮಂಟಪ ಅಷ್ಟೇ! ಏಪ್ರಿಲ್‌ನಲ್ಲಿ ತುಮಕೂರು ಸಿಟಿಗೆ ರಾತ್ರಿ ಕರ್ಫ್ಯೂ ಬಂತು, ಮಧ್ಯಾಹ್ನದ ಮದುವೆ ಊಟ ಮಾತ್ರ ಹಾಗೇ ನಡೆಯಿತು.

ನಾನು ಹೇಳಬೇಕೆಂದಿದ್ದು ಬೇರೆ. ಆಶಾ ಅಕ್ಕ ಜಾಗ ಎಲ್ಲಿ ಎಂದು ಕೇಳಿದರು. ಕಲ್ಯಾಣ ಮಂಟಪ ಹೇಗೂ ಕೊನೆಗೆ ತೆರೆಯುವುದು, ತಿಂಗಳುಗಟ್ಟಲೆ ಖಾಲಿ ಬೀಳುತ್ತದೆ. ಅದರಲ್ಲಿ ಏನೇನಿದೆ ನೋಡಿ. ವಧುವರರ ಕಡೆಯವರಿಗೆ ಎಂದು ಮೇಲೆ ಹತ್ತಾರು ರೂಮು, ಬೇಕಾದಷ್ಟು ಬಚ್ಚಲು, ಬೋರ್‌ವೆಲ್, ಜನರೇಟರ್, ದೊಡ್ಡ ಅಡುಗೆ ಮನೆ, ಆಂಬುಲೆನ್ಸ್ ತಿರುಗಿಸುವಷ್ಟು ಅಂಗಳ. ಕೆಳಗಿನ ಊಟದ ಹಾಲ್ ಬೀಗ ಹಾಕಿ, ಮೇಲಿನ ರೂಮು ಕೊಡಿ. ಬಾಡಿಗೆ ಅರ್ಧ ಕೊಟ್ಟರೂ ಮಾಲೀಕರು ಬೇಡ ಎನ್ನುವುದಿಲ್ಲ. ಅಡುಗೆ ನಾವು ಮಾಡುತ್ತೇವೆ. ನಮ್ಮ ಹುಡುಗರು ಆಗ ಸೌತೆಕಾಯಿ ಮಾರಿಕೊಂಡು ಬದುಕಿದರು.

ಗುಬ್ಬಿ ಟೀಚರ್:

ಶಾಲೆ ಬಿಟ್ಟುಕೊಟ್ಟರೆ ಸಾಕು, ನಿಮ್ಮ ಮಂಟಪಕ್ಕೆ ನಾನೇ ಬಂದು ರಂಗೋಲಿ ಹಾಕುತ್ತೇನೆ.

ತಾಲ್ಲೂಕು ಡಾಕ್ಟರ್:

ಒಳ್ಳೆಯ ಯೋಚನೆ. ರೂಮಿಗೆ ಕಿಟಕಿ ಇರಬೇಕು, ಅದು ಕಾರಿಡಾರ್ ಕಡೆ ಅಲ್ಲ, ಹೊರಗಡೆಗೆ ತೆರೆಯಬೇಕು. ಬಾಡಿಗೆ ಕರಾರು ಈಗಲೇ, ರೋಗ ಇಲ್ಲದಾಗ ಮಾಡಿಕೊಳ್ಳಿ. ರೋಗ ಬಂದ ದಿನ ಚೌಕಾಸಿ ಮಾಡಲು ಯಾರಿಗೂ ಪುರಸೊತ್ತು ಇರುವುದಿಲ್ಲ.

ಇನ್ನೊಂದು ಸಾಲು ಸೇರಿಸಿ: ವಾಪಸ್ ಮುಚ್ಚುವುದು ಯಾವಾಗ. ಆಕ್ಸಿಜನ್ ಬೆಡ್ ಇಷ್ಟು ತುಂಬಿದರೆ ಇದನ್ನು ನಿಲ್ಲಿಸುತ್ತೇವೆ ಎಂದು ಮುಂಚೆಯೇ ಅಂಕಿ ಬರೆದು ಎಲ್ಲರಿಗೂ ತೋರಿಸಿ. ಅದು ಇಲ್ಲದಿದ್ದರೆ ಮುಚ್ಚುವ ಹೊತ್ತಿಗೆ ಯಾರದ್ದೋ ಜಾತ್ರೆ, ಯಾರದ್ದೋ ಚುನಾವಣೆ ಅಡ್ಡ ಬರುತ್ತದೆ. ತೆರೆಯುವ ಮುಂಚೆ ವಯಸ್ಸಾದವರ ಲಸಿಕೆ ಪಟ್ಟಿ ಮನೆಮನೆಗೆ ಹೋಗಿ ನೋಡಿ. ಒಬ್ಬೊಬ್ಬರ ಹೆಸರು ಹಿಡಿದು ನೋಡಬೇಕು, ಪರ್ಸೆಂಟ್ ಸಾಲದು.

ಏನಾಗಲಿ ಬಿಡಿ:

ಇದೆಲ್ಲ ಬರೆದಿಡುತ್ತೀರಿ. ಆಮೇಲೆ ಮೇಲಿನಿಂದ ಒಂದು ಆರ್ಡರ್ ಬರುತ್ತದೆ, ನಿಮ್ಮ ಕಾಗದ ಬೀರುವಿಗೆ ಹೋಗುತ್ತದೆ.

ಟೊಮೆಟೊ ತೋಟ:

ಆರ್ಡರ್ ಬರಲಿ. ಯಾವ ಅಂಗಡಿ ಎಷ್ಟು ಹೊತ್ತಿಗೆ ಎಂದು ಅವರು ಹೇಳಬಹುದು. ಸಂತೆಯನ್ನು ಬಸ್‌ ಸ್ಟ್ಯಾಂಡಿನಿಂದ ಶಾಲೆ ಮೈದಾನಕ್ಕೆ ಸಾಗಿಸಬೇಡಿ ಎಂದು ಯಾರೂ ಹೇಳುವುದಿಲ್ಲ. ಕಿಟಕಿ ತೆರೆಯಬೇಡಿ ಎಂದು ಯಾವ ಆರ್ಡರೂ ಬರುವುದಿಲ್ಲ. ಮಂಟಪದ ಕರಾರು, ಹಮಾಲರ ಹತ್ತು ಪೈಸೆ, ಗಾಳಿ ಮೀಟರ್, ಇವಕ್ಕೆಲ್ಲ ಮೇಲಿನವರ ಅಪ್ಪಣೆ ಬೇಕಿಲ್ಲ ಎಂದುಕೊಂಡಿದ್ದೇನೆ.

ರೇಷ್ಮೆಗೂಡು:

ಸಂತೆ ಮೈದಾನಕ್ಕೆ ಬಂದರೆ ಟೀಚರ್ ಜಗಳ ಮಾಡುತ್ತಾರೆ, ಶಾಲೆ ನಡೆಯುತ್ತಿರುತ್ತದಲ್ಲ! ಕೆರೆ ಅಂಗಳ ನೋಡಿ. ಮತ್ತೆ ನೋಟಿಸನ್ನು ಕನ್ನಡದಲ್ಲಿ ಬರೆದ ಮೇಲೆ ತೆಲುಗಿನಲ್ಲೂ ಹೇಳಿಸಿ. ನಮ್ಮ ಕಡೆ ಅರ್ಧ ಊರುಗಳಲ್ಲಿ ಮನೆಮಾತು ತೆಲುಗು, ವಯಸ್ಸಾದವರಿಗೆ ಅದರಲ್ಲೇ ಹೇಳಿದರೆ ಕಿವಿಗೆ ಹೋಗುತ್ತದೆ.

ಆಶಾ, ಶಿರಾ:

ನೋಟಿಸ್ ಅಂಟಿಸುವುದು ದಂಡ, ಯಾರೂ ಓದುವುದಿಲ್ಲ. ಕಸದ ಗಾಡಿಯ ಮೈಕಿನಲ್ಲಿ ಹಾಕಿಸಿ. ಬೆಳಿಗ್ಗೆ ಬೇಡ, ಆಗ ಎಲ್ಲರೂ ತೋಟದಲ್ಲಿರುತ್ತಾರೆ. ಸಂಜೆ ಹಾಲಿನ ಡೈರಿ ಹತ್ತಿರ ನಿಲ್ಲಿಸಿ, ಮನೆಗೊಬ್ಬರು ಕ್ಯಾನ್ ಹಿಡಿದುಕೊಂಡು ಬಂದೇ ಬರುತ್ತಾರೆ. ಎರಡು ನಿಮಿಷಕ್ಕಿಂತ ಜಾಸ್ತಿ ಮಾತು ಬೇಡ.